ಬೆಳಗಿನ ಮುಕ್ಕಾಲು ಗಂಟೆ

ನನ್ನ ಭಾವನ ಬಗ್ಗೆ ಒಳ್ಳೆಯ ಮಾತು ಬರೆಯಬೇಕು ಅಂತ ಕೂತವನಲ್ಲ ನಾನು. ಮೂವತ್ತನಾಲ್ಕು ವರ್ಷ ಒಂದೇ ಸೂರಿನಡಿ ಉಂಡಿದ್ದೇವೆ, ಇಪ್ಪತ್ತೆರಡು ವರ್ಷ ಒಂದೇ ಗೇಟಿನೊಳಗೆ ದುಡಿದಿದ್ದೇವೆ. ಇಷ್ಟು ವರ್ಷಗಳಲ್ಲಿ ಆತ ನನ್ನೊಂದಿಗೆ ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೂ ನಾಲ್ಕು ಪುಟ ತುಂಬುವುದಿಲ್ಲ, ಅದರಲ್ಲೂ ಮೂರು ಪುಟ ಬೈಗುಳ. ಆದರೂ ಆತನ ಕಥೆ ಬರೆಯುವುದಿದ್ದರೆ ನಾನೇ ಬರೆಯಬೇಕು. ಯಾಕೆ ಅನ್ನುವುದು ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ನಲವತ್ತು ಲಾರಿಗಳ ಒಂದು ಸಾಗಾಣಿಕೆ ಕಂಪನಿಯಲ್ಲಿ ಹೆಡ್ ಮೆಕ್ಯಾನಿಕ್. ಯಾರ್ಡಿನವರೆಲ್ಲ ಬೆನ್ನ ಹಿಂದೆ ಕರೆಯುತ್ತಿದ್ದುದು ‘ಸಲಾಕೆ’ ಅಂತ. ಕೈಯಲ್ಲಿ ಸದಾ ಮೊಳದುದ್ದದ ಒಂದು ಉಕ್ಕಿನ ಸಲಾಕೆ ಇರುತ್ತಿತ್ತು. ಅದರ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎರಡು ನಿಮಿಷ ಬಿಟ್ಟು ಕಣ್ಣು ತೆರೆದು, ‘ನಾಲ್ಕನೇ ಇಂಜೆಕ್ಟರ್ ಸೋರ್ತಿದೆ’ ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ನಾಲ್ಕನೆಯದೇ. ಹೇಳುವಾಗ ಹೊಟ್ಟೆ ಉರಿಯುತ್ತದೆ, ಆದರೆ ನಿಜ ಹೇಳಬೇಕಲ್ಲ. ಆ ಸಲಾಕೆ ತಪ್ಪು ಹೇಳಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

ಆತನದೊಂದು ಕ್ರಮವಿತ್ತು. ಬೆಳಿಗ್ಗೆ ಐದಕ್ಕೆ ಯಾರ್ಡಿಗೆ ಬಂದು, ಆ ದಿನ ಹೊರಡುವ ಲಾರಿಗಳನ್ನೆಲ್ಲ ಸಾಲಾಗಿ ಚಾಲೂ ಮಾಡಿಸುತ್ತಿದ್ದ. ಒಂದೊಂದೂ ಮುಕ್ಕಾಲು ಗಂಟೆ ನಿಂತಲ್ಲೇ ಓಡಬೇಕು. ಅಷ್ಟರಲ್ಲಿ ಸಲಾಕೆ ಹಿಡಿದು ಆ ಬಾನೆಟ್ಟಿನಿಂದ ಈ ಬಾನೆಟ್ಟಿಗೆ ಹೋಗುತ್ತಿದ್ದ. ಡ್ರೈವರುಗಳು ಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಹಾ ಕುಡಿಯುತ್ತ, ಕಣ್ಣುಜ್ಜಿಕೊಳ್ಳುತ್ತ, ಹೊಗೆಗೆ ಕೆಮ್ಮುತ್ತ ಕಾಯಬೇಕು. ಯಾರಾದರೂ ‘ಹೊರಡ್ಲಾ ಅಣ್ಣ, ಹೊತ್ತಾಯ್ತು’ ಅಂದರೆ, ‘ಹಾಸಿಗೆಯಿಂದ ಎದ್ದ ತಕ್ಷಣ ಓಡು ಅಂದ್ರೆ ನೀನು ಓಡ್ತೀಯಾ? ಅದಕ್ಕೂ ಮೈ ಬೆಚ್ಚಗಾಗ್ಲಿ’ ಅನ್ನುತ್ತಿದ್ದ. ಒಮ್ಮೆ ಒಬ್ಬ ಅರ್ಧ ಗಂಟೆಗೇ ಗೇಟು ದಾಟಿಬಿಟ್ಟ. ಭಾವ ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಹೋಗಿ, ವಾಪಸ್ ಕರೆತಂದು, ಉಳಿದ ಕಾಲು ಗಂಟೆ ನಿಲ್ಲಿಸಿ ಕಳಿಸಿದ. ಮೊಂಡುತನಕ್ಕೂ ಒಂದು ಮಿತಿ ಬೇಡವೇ? ಆದರೆ ಆ ಲಾರಿಗಳು ಹದಿನೈದು ಹದಿನಾರು ವರ್ಷ ಎಂಜಿನ್ ಬಿಚ್ಚದೆ ಓಡಿದವು. ಹಾಗಾಗಿ ಯಾರೂ ಉಸಿರೆತ್ತುತ್ತಿರಲಿಲ್ಲ.

ಈಗ ನನ್ನ ವಿಷಯ. ಅಪ್ಪ ಅಮ್ಮ ಹೋದಾಗ ನನಗೆ ಎಂಟು ವರ್ಷ. ಅಕ್ಕ ಮದುವೆಯಾಗಿ ಬರುವಾಗ ನನ್ನನ್ನೂ ಕೈಹಿಡಿದು ಕರೆತಂದಳು. ಭಾವ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಇಪ್ಪತ್ತಾದಾಗ ವರ್ಕ್‌ಶಾಪಿಗೆ ಸೇರಿಸಿದ. ನನಗೆ ಎಂಜಿನ್ ಅಂದರೆ ಪ್ರಾಣ. ಐದನೇ ತಿಂಗಳಲ್ಲಿ ಗಾಳಿಯ ಪೈಪಿನೊಳಗೆ ಒಂದು ಒರೆಸೋ ಬಟ್ಟೆ ಮರೆತೆ. ಎಂಜಿನ್ ಅದನ್ನು ನುಂಗಿ ಕೆಮ್ಮಿ ನಿಂತುಹೋಯಿತು. ಭಾವ ಹದಿನಾಲ್ಕು ಜನರೆದುರು ನನ್ನ ಕೆನ್ನೆಗೆ ಬಾರಿಸಿದ. ಆಮೇಲೆ ಜೇಬಿನಿಂದ ಸ್ಟೋರಿನ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, ‘ಎಂಜಿನ್ನು ನಿನ್ನ ಹಣೇಲಿ ಬರ್ದಿಲ್ಲ. ಹೋಗು, ಡಬ್ಬ ಎಣಿಸು’ ಅಂದ. ಅಂದಿನಿಂದ ಯಾರ್ಡಿನಲ್ಲಿ ನನ್ನ ಹೆಸರು ಡಬ್ಬ. ವಯಸ್ಸಾದ ಮೇಲೆ ಮರ್ಯಾದೆಗೆ ಡಬ್ಬಣ್ಣ ಅಂತಾಯಿತು. ಆ ಏಟು ಕೆನ್ನೆಯಿಂದ ಅರ್ಧ ದಿನದಲ್ಲಿ ಇಳಿಯಿತು, ಹೊಟ್ಟೆಯಿಂದ ಇಳಿಯಲೇ ಇಲ್ಲ.

ಸ್ಟೋರು ಅಂದರೆ ಹನ್ನೆರಡಡಿ ಅಗಲದ ಒಂದು ಕೋಣೆ, ಮುಂದೆ ಜಾಲರಿಯ ಕಿಂಡಿ, ಒಳಗೆ ಫಿಲ್ಟರು, ಬೆಲ್ಟು, ಗ್ರೀಸು, ಎಣ್ಣೆಯ ಡಬ್ಬಗಳು. ಯಾವ ಡಬ್ಬ ಎಲ್ಲಿದೆ ಅನ್ನುವುದು ನನಗೆ ಕತ್ತಲಲ್ಲೂ ಗೊತ್ತು. ಕಿಂಡಿಯಾಚೆ ಭಾವ ನಿಂತು ಬೇಕಾದ ವಸ್ತುವಿನ ಹೆಸರು ಹೇಳುತ್ತಿದ್ದ, ನಾನು ಕೊಡುತ್ತಿದ್ದೆ, ಆತ ಸಹಿ ಹಾಕಿ ಹೋಗುತ್ತಿದ್ದ. ಮನೆಯಲ್ಲೂ ಅಷ್ಟೇ. ‘ಉಪ್ಪು ಕೊಡು’ ಅನ್ನುವುದಕ್ಕೂ ಆತ ಅಕ್ಕನ ಮುಖ ನೋಡುತ್ತಿದ್ದ.

ಹೀಗಿರುವಾಗ ಸರ್ಕಾರ ಹೊಗೆಯ ನಿಯಮ ಬಿಗಿ ಮಾಡುತ್ತ ಬಂತು. ಇನ್ನೆರಡು ವರ್ಷದಲ್ಲಿ ಹಳೆಯ ಬಗೆಯ ಎಂಜಿನ್ನಿರುವ ಲಾರಿಗಳ ಮಾರಾಟವೇ ಬಂದ್ ಅಂತ ಸುದ್ದಿಯಾಯಿತು. ನಮ್ಮ ಕಂಪನಿಯ ಯಜಮಾನಿ ಮುಂದಾಲೋಚನೆಯ ಹೆಂಗಸು. ಅಪ್ಪನಿಂದ ಕಂಪನಿ ಕೈಗೆ ಬಂದ ಮೇಲೆ ಒಂಬತ್ತು ಲಾರಿಯನ್ನು ನಲವತ್ತು ಮಾಡಿದವಳು. ಪರೀಕ್ಷೆ ಮಾಡಿ ನೋಡೋಣ ಅಂತ ಹೊಸ ಬಗೆಯ ಎಂಜಿನ್ನಿನ ಮೂರು ಲಾರಿ ತರಿಸಿದಳು.

ಭಾವ ಮೊದಲ ಬಾರಿ ಅದರ ಬಾನೆಟ್ ಎತ್ತಿದಾಗ ನಾನು ಕಿಂಡಿಯಿಂದ ನೋಡುತ್ತಿದ್ದೆ. ಕೊಳೆತದ್ದೇನೋ ಮೂಸಿದವನ ಹಾಗೆ ಮುಖ ಮಾಡಿದ. ಎಲ್ಲಿ ನೋಡಿದರೂ ತಂತಿ. ಹೊಗೆಯ ಕೊಳವೆಯಲ್ಲಿ ಮಸಿ ಸೋಸುವ ಜಾಲರಿಯಿದ್ದ ಒಂದು ದಪ್ಪ ಉರುಳೆ, ಪಕ್ಕದಲ್ಲಿ ನೀಲಿ ಮುಚ್ಚಳದ ಬೇರೆ ಟ್ಯಾಂಕು. ಅದಕ್ಕೆ ಯೂರಿಯಾ ದ್ರವ ತುಂಬಬೇಕು, ಅದು ಹೊಗೆಯ ವಿಷ ಕಳೆಯುತ್ತದಂತೆ. ‘ಲಾರೀನೋ, ಆಸ್ಪತ್ರೇನೋ?’ ಅಂದ. ಸಲಾಕೆ ಇಟ್ಟು ಕೇಳಿದ. ‘ಏನೂ ಹೇಳಲ್ಲ ಇದು. ಗುಟ್ಟಿನ ಮನುಷ್ಯ ಇದ್ದಂಗಿದೆ’ ಅಂತ ಬಾನೆಟ್ ಬಡಿದು ಹಾಕಿದ. ಲಾರಿಯ ಜೊತೆ ಬಂದ ಮೂರು ದಪ್ಪ ಪುಸ್ತಕಗಳನ್ನು ನನ್ನ ಕಿಂಡಿಯೊಳಗೆ ಎಸೆದ.

‘ಓದಲ್ವಾ ಭಾವ?’ ಅಂದೆ.

‘ಎಂಜಿನ್ನಿಗೆ ಬಾಯಿ ಇಲ್ದಿದ್ರೆ ಪುಸ್ತಕ ಬೇಕು. ಮೂಲೇಲಿ ಇಡು.’

ನಾನು ಓದಿದೆ. ಸ್ಟೋರಿನವನಿಗೆ ಮಧ್ಯಾಹ್ನ ಮಾಡಲು ಇನ್ನೇನಿದೆ? ನಮ್ಮ ಭಾಷೆಯಲ್ಲೇ, ಚಿತ್ರ ಸಮೇತ ಇತ್ತು. ನಲವತ್ತೇಳನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು: ಈ ಎಂಜಿನನ್ನು ನಿಂತಲ್ಲೇ ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಮಸಿಯ ಜಾಲರಿ ಕಟ್ಟಿಕೊಳ್ಳುತ್ತದೆ. ನನಗೆ ಓದುವಾಗ ಪೆನ್ಸಿಲಿನಿಂದ ಗೆರೆ ಎಳೆಯುವ ಚಾಳಿ. ಎಳೆದೆ. ಆಮೇಲೆ ಹೊರಗೆ ನೋಡಿದೆ.

ಎದ್ದು ಹೇಳಲು ಹೋದೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜ ಏನೆಂದರೆ, ಬಾಗಿಲವರೆಗೆ ಹೋದೆ. ಭಾವ ಯಾರಿಗೋ ಬೈಯುತ್ತಿದ್ದ. ನಾನು ವಾಪಸ್ ಬಂದು ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಐದು ಗಂಟೆಗೆ ಮೂರೂ ಹೊಸ ಲಾರಿಗಳು ಉಳಿದವುಗಳ ಜೊತೆ ಸಾಲಾಗಿ ನಿಂತು ಮುಕ್ಕಾಲು ಗಂಟೆ ಗುರುಗುಟ್ಟಿದವು. ನಾನು ಸ್ಟೋರಿನ ಬೀಗ ತೆಗೆಯುತ್ತ ಕೇಳಿಸಿಕೊಂಡೆ. ಒಳಗೊಳಗೇ ಖುಷಿಯಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಡೀ ಯಾರ್ಡಿನಲ್ಲಿ ಎಂಜಿನ್ನಿನ ವಿಷಯ ಭಾವನಿಗೆ ಗೊತ್ತಿಲ್ಲದ್ದು ಡಬ್ಬನಿಗೆ ಗೊತ್ತಿತ್ತು. ಮುಗ್ಗರಿಸಲಿ, ಎಲ್ಲರ ಮುಂದೆ ಮುಗ್ಗರಿಸಲಿ ಅಂತ ಬೇಕೆಂದೇ ಬಾಯಿಗೆ ಬೀಗ ಹಾಕಿಕೊಂಡೆ.

ನಾಲ್ಕು ತಿಂಗಳಾಗುವಷ್ಟರಲ್ಲಿ ಶುರುವಾಯಿತು. ಸ್ಟಿಯರಿಂಗಿನ ಮುಂದಿನ ಫಲಕದಲ್ಲಿ ಹಳದಿ ದೀಪ ಬರುವುದು, ಎಂಜಿನ್ ಶಕ್ತಿ ಕಳೆದುಕೊಂಡು ತೆವಳುವುದು. ಮಸಿಯ ಜಾಲರಿ ಬದಲಾಯಿಸಿದರೆ ಎರಡು ತಿಂಗಳು ಸರಿ, ಮತ್ತೆ ಅದೇ ರಾಗ. ಒಂದಲ್ಲ ಒಂದು ಹೊಸ ಲಾರಿ ಯಾವಾಗಲೂ ಶೆಡ್ಡಿನಲ್ಲಿ ಬಿದ್ದಿರುತ್ತಿತ್ತು. ಭಾವನಿಗೆ ಇದರಿಂದ ಸಂಕಟವಾಗಲಿಲ್ಲ, ಗೆದ್ದ ಹಾಗಾಯಿತು. ‘ನಾನು ಹೇಳಿರ್ಲಿಲ್ವಾ? ಹಳೇದು ಕೆಟ್ರೆ ರಸ್ತೆ ಬದೀಲಿ ಒಂದು ತಂತಿ, ಒಂದು ಸ್ಪ್ಯಾನರ್ ಇದ್ರೆ ಮನೆ ಮುಟ್ತೀಯ. ಇದು ಕೆಟ್ರೆ ಕಂಪ್ಯೂಟರ್ ಹೊತ್ಕೊಂಡು ಯಾವನೋ ಬರೋ ತನಕ ದಾರೀಲೇ ಸಂಸಾರ ಮಾಡು’ ಅಂತ ಡ್ರೈವರುಗಳ ಮುಂದೆ ಆಡಿಕೊಂಡು ನಗುತ್ತಿದ್ದ. ಅದರಲ್ಲಿ ಸುಳ್ಳೇನಿರಲಿಲ್ಲ. ಹಳೆಯ ಲಾರಿಯೊಂದರ ಇಂಧನದ ಪೈಪು ಒಡೆದಾಗ ಆತ ಫೋನಿನಲ್ಲೇ ಹೇಳಿಕೊಟ್ಟು, ಸೈಕಲ್ ಟ್ಯೂಬಿನ ತುಂಡು ಸುತ್ತಿಸಿ ಇನ್ನೂರು ಮೈಲಿ ಓಡಿಸಿದ್ದನ್ನು ನಾನೇ ಕಂಡಿದ್ದೇನೆ.

ಆದರೆ ತಮಾಷೆ ಬಹಳ ದಿನ ನಡೆಯಲಿಲ್ಲ. ಹೊಸ ಲಾರಿಯೊಂದನ್ನು ಓಡಿಸುತ್ತಿದ್ದವನು ಶಿಳ್ಳೆ ಅನ್ನುವ ಡ್ರೈವರ್. ಸದಾ ಶಿಳ್ಳೆ ಹೊಡೆಯುತ್ತಿದ್ದುದರಿಂದ ಆ ಹೆಸರು. ಬೆಟ್ಟದ ದಾರಿಯಲ್ಲಿ, ಪೂರ್ತಿ ಲೋಡಿನಲ್ಲಿ, ಅವನ ಎಂಜಿನ್ ಶಕ್ತಿ ಕಳೆದುಕೊಂಡು ನಡಿಗೆಯ ವೇಗಕ್ಕೆ ಇಳಿಯಿತು. ಹಿಂದೆ ಮೈಲುದ್ದ ಸಾಲು ನಿಂತಿತು, ಸರಕು ಒಂದೂವರೆ ದಿನ ತಡವಾಯಿತು, ಯಜಮಾನಿ ಕೆಂಡವಾದಳು. ಯಾರ ತಪ್ಪು ಅಂತ ಭಾವನನ್ನು ಕೇಳಿದಳು. ಭಾವ ಸಲಾಕೆ ಇಟ್ಟು ಕೇಳಿದ, ಎಂಜಿನ್ ಒಳಗೆ ಏನೂ ದೋಷವಿಲ್ಲ ಅಂದ. ಹಾಗಾದರೆ? ‘ಯೂರಿಯಾ ಮಾರ್ಕೊಂಡು ನೀರು ಹೊಯ್ದಿದ್ದಾನೆ ಇವನು. ಬೇರೆ ಕಂಪನಿ ಡ್ರೈವರುಗಳೂ ಇದೇ ಮಾಡ್ತಾರೆ’ ಅಂದ.

ಶಿಳ್ಳೆ ಮಕ್ಕಳ ಮೇಲೆ ಆಣೆ ಇಟ್ಟ. ‘ಅಣ್ಣಾ, ಒಂದು ತೊಟ್ಟು ಮಾರಿಲ್ಲ ನಾನು’ ಅಂದ.

‘ಎಂಜಿನ್ನು ಸುಳ್ಳು ಹೇಳಲ್ಲ ಕಣೋ, ಡ್ರೈವರು ಹೇಳ್ತಾನೆ’ ಅಂತ ಭಾವ ಮುಖ ತಿರುಗಿಸಿದ.

ಅದೇ ದಿನ ಶಿಳ್ಳೆಯನ್ನು ಕೆಲಸದಿಂದ ತೆಗೆದರು. ಕಂಪನಿಯ ಜಾಕು, ಟಾರ್ಚು, ಟಾರ್ಪಾಲು ವಾಪಸ್ ಕೊಡಲು ಅವನು ನನ್ನ ಕಿಂಡಿಗೆ ಬಂದ. ಕಣ್ಣು ಕೆಂಪಾಗಿತ್ತು. ‘ಡಬ್ಬಣ್ಣ, ನೀನಾದ್ರೂ ಹೇಳು. ನಾನು ಅಂಥೋನಾ?’ ಅಂದ. ನನ್ನ ಬೆನ್ನ ಹಿಂದೆ ಮೂರಡಿ ದೂರದಲ್ಲಿ ಆ ಪುಸ್ತಕವಿತ್ತು. ನಾನು ರಿಜಿಸ್ಟರನ್ನು ಅವನ ಕಡೆ ತಿರುಗಿಸಿ, ‘ಇಲ್ಲಿ ಸಹಿ ಹಾಕು’ ಅಂದೆ. ಹಾಕಿದ. ಆಗ ಹೇಳಿದ್ದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ನನ್ನ ಕುತ್ತಿಗೆಗೇ ಬರುತ್ತಿತ್ತು. ಹೆದರಿಕೆಯಾಯಿತು. ಸಿಟ್ಟಿಗೆ ಮುಚ್ಚಿಟ್ಟದ್ದನ್ನು ಅವತ್ತಿನಿಂದ ಹೆದರಿಕೆಗೆ ಮುಚ್ಚಿಟ್ಟೆ.

ಸರ್ಕಾರ ಹೇಳಿದ್ದ ಎರಡನೇ ವರ್ಷದ ಕೊನೆ ಹತ್ತಿರ ಬಂತು. ಹೊಸ ವರ್ಷದಿಂದ ಹಳೆಯ ಎಂಜಿನ್ನಿನ ಲಾರಿ ಕೊಂಡರೆ ನೋಂದಣಿ ಆಗುವುದಿಲ್ಲ. ಯಜಮಾನಿಗೆ ಎಂಟು ಲಾರಿ ಬೇಕಿತ್ತು. ಮಾರಾಟದವರ ಹತ್ತಿರ ಹಳೆಯ ಬಗೆಯವು ಸರಿಯಾಗಿ ಎಂಟು ಉಳಿದಿದ್ದವು, ಕೊನೆಯ ಎಂಟು. ಭಾವನನ್ನು ಗಾಜಿನ ಕೋಣೆಗೆ ಕರೆದಳು. ಜಾಲರಿಗಳ ಲೆಕ್ಕ ಒಪ್ಪಿಸಲು ನಾನೂ ಅಲ್ಲೇ ಇದ್ದೆ.

‘ಹಳೇದಾ, ಹೊಸದಾ? ನೀನೇ ಹೇಳು’ ಅಂದಳು.

‘ಹಳೇದು. ಅದರಲ್ಲಿ ಕೇಳೋದೇನಿದೆ?’

‘ಬಂದರಿನವರು ಮೂರು ವರ್ಷ ಆದ್ಮೇಲೆ ಹಳೇ ಎಂಜಿನ್ ಲಾರಿ ಒಳಗೇ ಬಿಡಲ್ಲ ಅಂತಿದ್ದಾರೆ. ನಮ್ಮ ಅರ್ಧ ಕೆಲಸ ಬಂದರಿಂದು.’

‘ಹೊಸದು ಮೊದಲು ಬಂದರಿನ ತನಕ ಹೋಗ್ಬೇಕಲ್ಲ ತಾಯಿ.’

ಆಕೆ ನಗಲಿಲ್ಲ. ‘ಮೂರು ಹೊಸದರ ಸ್ಥಿತಿ ನೋಡಿ ನನಗೂ ಹಾಗೇ ಅನ್ಸುತ್ತೆ. ತಿಂಗಳ ಕೊನೇಲಿ ರುಜು ಹಾಕ್ತೀನಿ. ಆದ್ರೆ ನೆನಪಿರ್ಲಿ, ನಿನ್ನ ಮಾತಿನ ಮೇಲೆ ತಗೊಳ್ತಿರೋದು. ತಪ್ಪಾದ್ರೆ ಲಾರಿ ಮಾರೋಕಾಗಲ್ಲ, ನಿನ್ನನ್ನ ಕಳಿಸ್ಬೇಕಾಗುತ್ತೆ.’

‘ಕಳಿಸಿ’ ಅಂದ ಭಾವ, ಎದೆ ಸೆಟೆಸಿಕೊಂಡು.

ಆದರೂ ಆಕೆ ಜಾಗ್ರತೆಯವಳು. ಲಾರಿ ತಯಾರಿಸಿದವರ ಕಡೆಯಿಂದ ಒಬ್ಬ ಪರಿಣತೆಯನ್ನು ಕರೆಸಿದಳು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಲ್ಯಾಪ್‌ಟಾಪು, ಕಾಲಲ್ಲಿ ಉಕ್ಕಿನ ಮೂತಿಯ ಬೂಟು. ಶೆಡ್ಡಿನಲ್ಲಿದ್ದ ಲಾರಿಗೆ ತಂತಿ ಸಿಕ್ಕಿಸಿ ಸ್ವಲ್ಪ ಹೊತ್ತು ನೋಡಿದಳು. ಹುಬ್ಬು ಗಂಟಿಕ್ಕಿತು.

‘ಇದು ಓಡಿದ್ದರಲ್ಲಿ ಸುಮಾರು ಕಾಲು ಭಾಗ ನಿಂತಲ್ಲೇ ಓಡಿದೆ. ಯಾರು ಹೀಗೆ ಮಾಡ್ತಿರೋದು?’

‘ನಾನು. ನೀನು ಹುಟ್ಟೋ ಮೊದಲಿಂದ ಮಾಡ್ತಿದ್ದೀನಿ. ಏನೀಗ?’ ಅಂದ ಭಾವ.

‘ಹಳೇ ಎಂಜಿನ್ನಿಗೆ ನಡೆಯುತ್ತೆ ಸಾರ್. ಇದಕ್ಕೆ ಮಸಿ ಕಟ್ಕೊಳ್ಳುತ್ತೆ. ಆ ಮಸಿ ಸುಟ್ಟು ಹೋಗ್ಬೇಕಾದ್ರೆ ಎಂಜಿನ್ನು ಭಾರ ಹೊತ್ತು ಓಡ್ಬೇಕು, ಕೊಳವೆ ಕಾಯ್ಬೇಕು. ನಿಂತು ಗುರುಗುಟ್ಟಿದ್ರೆ ಅಷ್ಟು ಕಾಯಲ್ಲ. ಪುಸ್ತಕದಲ್ಲೇ ಬರೆದಿದೆಯಲ್ಲ?’

ಸುತ್ತ ಹತ್ತು ಜನ ನಿಂತಿದ್ದರು. ಭಾವನ ಮುಖ ಕಪ್ಪಿಟ್ಟಿತು. ‘ನಿಮ್ಮ ಮಾಲು ಕೆಟ್ರೆ ನನ್ನ ತಲೆಗೆ ಕಟ್ತೀರಾ? ತಂತಿ ಸುತ್ಕೊಂಡು ಹೊರಡು, ನನಗೆ ಕೆಲಸ ಇದೆ’ ಅಂತ ಕೂಗಾಡಿದ. ಹುಡುಗಿಯೂ ಬಿಡಲಿಲ್ಲ. ‘ಹೊರಡ್ತೀನಿ. ನಿಮ್ಮ ಯಜಮಾನರು ಬರವಣಿಗೇಲಿ ಕೇಳಿದ್ರೆ ಕೊಡ್ತೀನಿ, ಇಲ್ಲದಿದ್ರೆ ನನಗೇನಾಗ್ಬೇಕು’ ಅಂದು ಚೀಲ ಏರಿಸಿಕೊಂಡು ನಡೆದಳು. ಯಜಮಾನಿ ಊರಲ್ಲಿರಲಿಲ್ಲ. ಹುಡುಗಿ ಏನಂದಳು ಅಂತ ಆಕೆ ಫೋನು ಮಾಡಿದಾಗ ಭಾವ, ‘ಅವರ ತಪ್ಪು ಅವರು ಒಪ್ಕೊಳ್ತಾರಾ? ಏನೇನೋ ಹೇಳಿ ಹೋದ್ಳು’ ಅಂದ. ನಾನು ಕಿಂಡಿಯೊಳಗೆ ಹಲ್ಲು ಕಿರಿದೆ. ಈಗ ನೀನೂ ನನ್ನ ಸಾಲಿಗೇ ಬಂದೆ ಭಾವ ಅಂತ.

ಅವತ್ತು ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಕಿಂಡಿಯ ಮುಂದೆ ಭಾವನ ನೆರಳು ಬಿತ್ತು.

‘ಆ ಪುಸ್ತಕ ಕೊಡು.’

ಗೆರೆ ಎಳೆದದ್ದು ಮೂರರಲ್ಲಿ ಒಂದಕ್ಕೆ. ನಾನು ಪಕ್ಕದ್ದಕ್ಕೆ ಕೈ ಹಾಕಿ ತೆಗೆದು ಮುಂದಿಟ್ಟೆ.

‘ಮೂರೂ ಕೊಡು. ಮೂರು ಲಾರಿಗೆ ಮೂರು ಇರುತ್ತೆ, ಬೇರೆ ಬೇರೆ ಇದ್ರೆ?’

ಎಂಜಿನ್ನಿನ ವಿಷಯದಲ್ಲಿ ಈ ಮನುಷ್ಯ ಎಷ್ಟು ಅನುಮಾನದವನು ಅನ್ನುವುದನ್ನು ನಾನು ಮರೆತಿದ್ದೆ. ಮೂರನ್ನೂ ಕಂಕುಳಲ್ಲಿ ಇರುಕಿಕೊಂಡು ಹೋದ. ಮನೆಯಲ್ಲಿ ಊಟ ಮುಗಿಸಿ ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದ. ಅಕ್ಕ ‘ಪರೀಕ್ಷೆ ಕಟ್ಟಿದ್ದೀರಾ?’ ಅಂತ ಗೇಲಿ ಮಾಡಿದಳು. ನಾನು ಮಹಡಿಯ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಈಗ ಮೆಟ್ಟಿಲು ಹತ್ತಿ ಬರುತ್ತಾನೆ, ಈಗ ಬಾಗಿಲು ಒದೆಯುತ್ತಾನೆ ಅಂತ ಕಾದೆ. ಬರಲಿಲ್ಲ.

ಮರುದಿನ ಐದಕ್ಕೆ ಒಂದು ಹೊಸ ಲಾರಿಯನ್ನು ಆತ ಸಾಲಿನಿಂದ ಹೊರಗಿಟ್ಟ. ಅದರ ಜಾಲರಿಯನ್ನು ತೊಳೆಸಿ ಹಾಕಿಸಿದ. ಡ್ರೈವರನ್ನು ಇಳಿಸಿ ತಾನೇ ಹತ್ತಿದ. ಚಾಲೂ ಮಾಡಿ ಎರಡೇ ನಿಮಿಷಕ್ಕೆ ಗೇಟು ದಾಟಿದ. ಗೋಡೆಯ ಪಕ್ಕ ಕೂತಿದ್ದ ಡ್ರೈವರುಗಳು ಚಹಾದ ಲೋಟ ಹಿಡಿದುಕೊಂಡೇ ಎದ್ದು ನಿಂತರು. ಮೂರು ವಾರ ಆ ಲಾರಿಯನ್ನು ಆತನೇ ಓಡಿಸಿದ, ಲೋಡು ಹೊತ್ತು, ಹೆದ್ದಾರಿಯಲ್ಲಿ, ಬೆಟ್ಟದಲ್ಲಿ. ಅರವತ್ತರ ಹತ್ತಿರದ ಮನುಷ್ಯ ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದ. ‘ಈ ವಯಸ್ಸಲ್ಲಿ ಡ್ರೈವರಿಕೆ ಯಾಕೆ?’ ಅಂತ ಅಕ್ಕ ಎಣ್ಣೆ ಹಚ್ಚುತ್ತ ಬೈದರೆ, ‘ಒಂದು ಲೆಕ್ಕ ನೋಡ್ಬೇಕು’ ಅನ್ನುತ್ತಿದ್ದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆತ ಯಾವತ್ತೂ ನೋಡುತ್ತಿರಲಿಲ್ಲವಾದ್ದರಿಂದ ಪುಟದ ಗೆರೆ ಕಣ್ಣಿಗೆ ಬಿದ್ದಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಆ ಲಾರಿಗೆ ಹಳದಿ ದೀಪ ಬರಲಿ ಅಂತ ದಿನಾ ಬಯಸಿದೆ. ಬಂದಿದ್ದರೆ ಪುಸ್ತಕವೂ ಸುಳ್ಳು, ಹುಡುಗಿಯೂ ಸುಳ್ಳು, ನನ್ನದೂ ತಪ್ಪಿಲ್ಲ. ಬರಲಿಲ್ಲ. ಮೂರು ವಾರದಲ್ಲಿ ಒಂದು ಸಲವೂ ಬರಲಿಲ್ಲ.

ತಿಂಗಳ ಕೊನೆಯ ದಿನ ಗಾಜಿನ ಕೋಣೆಯಲ್ಲಿ ಯಜಮಾನಿ ಕೂತಿದ್ದಳು, ಎದುರಿಗೆ ಮಾರಾಟದವನು ಹಳೆಯ ಎಂಟು ಲಾರಿಗಳ ಕಾಗದ ಹರಡಿಕೊಂಡಿದ್ದ. ಭಾವ ಬಾಗಿಲ ಪಕ್ಕ ನಿಂತಿದ್ದ. ನನ್ನನ್ನು ಸ್ಟೋರಿನ ಪಟ್ಟಿಯೊಂದಿಗೆ ಕರೆಸಿದ್ದರು. ಭಾವ ಹಳೆಯದೇ ಅನ್ನುತ್ತಾನೆ ಅಂತ ನನಗೆ ಖಾತ್ರಿಯಿತ್ತು. ಅಂದರೆ ಮುಗಿಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೂರು ವರ್ಷದ ನಂತರ ಬಂದರಿನವರು ಗೇಟು ಹಾಕಿದಾಗ ಆತ ನಿವೃತ್ತನಾಗಿ ಮನೆಯಲ್ಲಿರುತ್ತಾನೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

‘ಹಾಕ್ಲಾ?’ ಅಂತ ಯಜಮಾನಿ ಪೆನ್ನು ಎತ್ತಿಕೊಂಡಳು.

‘ಹಾಕ್ಬೇಡಿ’ ಅಂದ ಭಾವ. ‘ಹೊಸದು ತಗೊಳ್ಳಿ.’

ಮಾರಾಟದವನು ಬಾಯಿ ತೆರೆದ. ಯಜಮಾನಿ ಪೆನ್ನು ಕೆಳಗಿಟ್ಟಳು. ‘ಏನು? ಮೂರು ಹೊಸದು ಶೆಡ್ಡಲ್ಲಿ ಬಿದ್ದಿದ್ದು ನೋಡಿ ನೀನೇ ತಾನೆ...’

‘ಅವನ್ನ ಕೆಡಿಸಿದ್ದು ನಾನು. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಿಲ್ಲಿಸಿ ಓಡಿಸ್ತಿದ್ನಲ್ಲ, ಅದರಿಂದ ಜಾಲರಿ ಕಟ್ಕೊಳ್ತಿತ್ತು. ಹುಡುಗಿ ಹೇಳಿದ್ಳು, ನಾನು ನಿಮಗೆ ಹೇಳ್ಲಿಲ್ಲ. ಮೂರು ವಾರ ಒಂದನ್ನ ನಿಲ್ಲಿಸ್ದೆ ಓಡಿಸಿ ನೋಡ್ದೆ. ಏನೂ ಆಗ್ಲಿಲ್ಲ. ಅದು ಒಳ್ಳೇ ಎಂಜಿನ್ನೇ. ಮುಂದೆ ಸೆನ್ಸರು ಪಂಪು ಅಂತ ತಕರಾರು ಮಾಡ್ಬಹುದು, ಮಾಡಲ್ಲ ಅಂತ ಹೇಳಲ್ಲ. ಆದ್ರೆ ಇಷ್ಟು ದಿನ ಮಾಡಿದ್ದು ಅದಲ್ಲ, ನಾನು.’

ಯಜಮಾನಿಯ ಕತ್ತಿನ ನರ ಉಬ್ಬಿತು.

‘ಶಿಳ್ಳೆ?’ ಅಂದಳು.

‘ಅವನು ನೀರು ಹಾಕಿರ್ಲಿಲ್ಲ. ಅವನನ್ನ ವಾಪಸ್ ಕರೀರಿ.’

‘ಅದನ್ನ ನೀನು ಹೇಳ್ಬೇಡ. ಒಬ್ಬನ ಹೊಟ್ಟೆ ಮೇಲೆ ಹೊಡೆದು, ನನ್ನ ಮೂರು ಲಾರಿ ಹಾಳು ಮಾಡಿ, ಈಗ ಬಂದು ದೊಡ್ಡ ಮನುಷ್ಯ ಆಗ್ತೀಯಾ?’ ಆಕೆಯ ದನಿ ಏರಿತು. ‘ಇದೆಲ್ಲ ಪುಸ್ತಕದಲ್ಲಿ ಇರ್ಲಿಲ್ವಾ?’

‘ಇತ್ತು.’

‘ಮತ್ತೆ? ನಲವತ್ತು ಜನ ಇದ್ದೀರ. ಒಬ್ರೂ ಓದ್ಲಿಲ್ವಾ? ಆ ಪುಸ್ತಕ ಯಾರ ಹತ್ರ ಇತ್ತು?’

ನಾನು ಕೈಯಲ್ಲಿದ್ದ ಪಟ್ಟಿಯ ಮೇಲೆ ಕಣ್ಣು ನೆಟ್ಟೆ. ಭಾವ ನನ್ನ ಕಡೆ ನೋಡಲಿಲ್ಲ.

‘ನನ್ನ ಹತ್ರ’ ಅಂದ. ‘ನಾನೇ ಓದ್ಲಿಲ್ಲ.’

‘ಹಾಗಾದ್ರೆ ಮಾತಾಡೋದೇನೂ ಉಳಿದಿಲ್ಲ. ವರ್ಕ್‌ಶಾಪಿನ ಬೀಗದ ಕೈ ಇಲ್ಲಿಟ್ಟು ಹೋಗು. ನಾಳೆಯಿಂದ ಬರ್ಬೇಡ.’

ಆತ ಬೀಗದ ಕೈಗಳನ್ನು ಹಳೆಯ ಲಾರಿಗಳ ಕಾಗದದ ಮೇಲೆ ಇಟ್ಟು ಹೊರಗೆ ಹೋದ. ನಲವತ್ತು ವರ್ಷದ ಕೆಲಸ ಮುಗಿಯಲು ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಯಜಮಾನಿ ನನ್ನ ಕೈಯಿಂದ ಪಟ್ಟಿ ಕಸಿದುಕೊಂಡು, ‘ನೀನೇನು ನಿಂತಿದ್ದೀಯ, ಹೋಗಿ ಅವನ ಸಾಮಾನು ಜಮಾ ಮಾಡ್ಕೋ’ ಅಂದಳು.

ಸ್ಟೋರಿನ ಕಿಂಡಿಗೆ ಭಾವ ಕಂಪನಿಯ ಸ್ಪ್ಯಾನರುಗಳ ಪೆಟ್ಟಿಗೆ ತಂದಿಟ್ಟ. ನಾನು ಒಂದೊಂದೇ ತೆಗೆದು ಗುರುತು ಹಾಕಿದೆ. ಎಲ್ಲವೂ ಇದ್ದವು. ರಿಜಿಸ್ಟರನ್ನು ಆತನ ಕಡೆ ತಿರುಗಿಸಿದೆ. ಸಹಿ ಹಾಕಿ, ಪೆನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದ.

‘ಆ ಗೆರೆ ಯಾವಾಗ ಎಳೆದಿದ್ದು?’

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ‘ಲಾರಿ ಬಂದ ದಿನ.’

ಭಾವ ಪೆನ್ನಿನ ಮುಚ್ಚಳ ಹಾಕಿದ. ಕಿಂಡಿಯೊಳಗೆ ಕೈ ಹಾಕಿ ಕುತ್ತಿಗೆಪಟ್ಟಿ ಹಿಡಿಯುತ್ತಾನೆ ಅಂದುಕೊಂಡೆ. ಹಿಡಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

‘ನನ್ನ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಕೋಬೇಕಿತ್ತು ಕಣೋ’ ಅಂದ. ‘ಶಿಳ್ಳೆ ಏನು ಮಾಡಿದ್ದ ನಿನಗೆ?’

ನಾನು ಸ್ಪ್ಯಾನರುಗಳನ್ನು ವಾಪಸ್ ಪೆಟ್ಟಿಗೆಗೆ ಹಾಕತೊಡಗಿದೆ.

‘ನಿನ್ನ ಹೆಸರು ಹೇಳಿದ್ರೆ ನಿನ್ನನ್ನೂ ಓಡಿಸೋಳು. ನಿನ್ನ ಮೇಲಿನ ಪ್ರೀತಿಗೆ ಬಿಟ್ಟೆ ಅಂದ್ಕೋಬೇಡ. ನಿನ್ನ ಮುಖ ನೋಡೋಕೆ ನನಗೆ ಹೇಸಿಗೆ ಆಗ್ತಿದೆ’ ಅಂದ. ಪೆನ್ನನ್ನು ರಿಜಿಸ್ಟರಿನ ಮೇಲಿಟ್ಟ. ‘ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ. ಎತ್ತಿ ಆಡಿಸಿದೋಳು. ಇದು ಗೊತ್ತಾದ್ರೆ ತಡ್ಕೊಳ್ಳಲ್ಲ.’

ಇಷ್ಟಾಗಿ ಏಳು ತಿಂಗಳಾಯಿತು. ಹೊಸ ಎಂಟು ಲಾರಿಗಳು ಬಂದಿವೆ. ಒಂದರ ಯೂರಿಯಾ ಪಂಪು ಕೈಕೊಟ್ಟದ್ದು ಬಿಟ್ಟರೆ ಚೆನ್ನಾಗೇ ಓಡುತ್ತಿವೆ. ಯಜಮಾನಿ ಶಿಳ್ಳೆಗೆ ಹೇಳಿ ಕಳಿಸಿದಳು. ಆ ಗೇಟಿನೊಳಗೆ ಕಾಲಿಡುವುದಿಲ್ಲ ಅಂತ ಅವನು ಹೇಳಿಕಳಿಸಿದ. ಭಾವ ಅವನ ಮನೆಗೆ ಎರಡು ಸಲ ಹೋಗಿ ಬಾಗಿಲಿನಿಂದ ವಾಪಸ್ ಬಂದಿದ್ದಾನೆ. ಕೆಲಸ ಹೋದ ಭಾವ ಈಗ ಊರಾಚೆಯ ಒಂದು ಟಯರು ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ.

ನಾವು ಮೂವರೂ ಇನ್ನೂ ಒಂದೇ ಮೇಜಿನಲ್ಲಿ ಉಣ್ಣುತ್ತೇವೆ. ಅಕ್ಕನಿಗೆ ಸಂಕಟ ಹೋಗಿಲ್ಲ, ಬಡಿಸುವಾಗೆಲ್ಲ ಗಂಡನನ್ನು ಚುಚ್ಚುತ್ತಾಳೆ. ನಿನ್ನೆಯೂ ಶುರುಮಾಡಿದಳು. ‘ಒಂದು ಪುಸ್ತಕ ಓದೋಕೆ ಏನಾಗಿತ್ತು ನಿಮಗೆ? ಅಷ್ಟೊಂದು ಜಂಬ ಯಾಕೆ? ನಿಮಗೆ ಆಗ್ದಿದ್ರೆ ನನ್ನ ತಮ್ಮನ ಕೈಗೆ ಕೊಡ್ಬೇಕಿತ್ರೀ. ಅವನು ಓದಿ ಹೇಳ್ತಿದ್ದ.’

ಭಾವ ತಲೆ ಎತ್ತಲಿಲ್ಲ. ‘ಹೌದು, ಕೊಡ್ಬೇಕಿತ್ತು’ ಅಂತ ಹೇಳಿ ಊಟ ಮುಂದುವರಿಸಿದ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.